ಹೆಬ್ಬೆಟ್ಟಿನ ಕೊಳೆ

ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಕಂಪನಿಗೆ ಯಾವ ದಾಖಲೆ ಬೇಕಾಗಬಹುದು ಎಂದು ಯೋಚಿಸಲು ನಮ್ಮ ಹೊಸಪೇಟೆ ಆಫೀಸಿನಲ್ಲಿ ಒಂದು ಸಮಿತಿ ಮಾಡಿದರು. ನಾಳೆ ನಲ್ಲಿಯಲ್ಲಿ ನೀರು ಬರುತ್ತದೋ ಇಲ್ಲವೋ ಹೇಳಲಾಗದವರೆಲ್ಲ ಅದರಲ್ಲಿದ್ದರು. ದಾಖಲೆ ಕೋಣೆ ನೋಡಿಕೊಳ್ಳುವವಳೆಂದು ನನಗೂ ಒಂದು ಕುರ್ಚಿ ಸಿಕ್ಕಿತು. ಬಾಗಿಲ ಪಕ್ಕದ್ದು. ಚಹಾ ಬಂದರೆ ಎದ್ದು ತಟ್ಟೆ ಹಿಡಿಯಲು ಅನುಕೂಲವಾದದ್ದು.

ಈ ಕೆಲಸ ನನಗೆ ಬಂದದ್ದು ನಮ್ಮವರು ತೀರಿಕೊಂಡ ಮೇಲೆ. ಅವರು ಇದೇ ಕಂಪನಿಯ ಸಂಡೂರಿನ ಗಣಿಯಲ್ಲಿ ಲಾರಿಗಳ ತೂಕ ಬರೆಯುತ್ತಿದ್ದರು. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವುವ ಅಭ್ಯಾಸ. ಗಣಿಯಲ್ಲಿ ಅದಿರಿನ ಧೂಳು ಮೆತ್ತದ ಬೆರಳು ಎಲ್ಲಿದೆ? ಅವರ ರಿಜಿಸ್ಟರುಗಳ ಪ್ರತಿ ಪುಟದ ಮೂಲೆಯಲ್ಲೂ ಒಂದು ಕೆಂಪು ಹೆಬ್ಬೆಟ್ಟು ಇದೆ. ಮನೆಯಲ್ಲಿ ಅವರದೆಂದು ನಮ್ಮ ಮದುವೆಯ ಫೋಟೊ ಒಂದಿದೆ. ಅದರಲ್ಲಿ ಅವರಿಗಿಂತ ಹಾರವೇ ಹೆಚ್ಚು ಕಾಣುತ್ತದೆ.

ಬೆಂಗಳೂರಿನಿಂದ ಬಂದಿದ್ದ ಸಲಹೆಗಾರರು ಸ್ಕ್ಯಾನರ್ ತೋರಿಸಲು ಕೈಗೆ ಸಿಕ್ಕ ರಿಜಿಸ್ಟರ್ ತೆರೆದರು. ನಮ್ಮವರದೇ. ಪರದೆಯ ಮೇಲೆ ಪುಟ ಬೆಳ್ಳಗೆ ಬಂತು. ಅಕ್ಷರವೆಲ್ಲ ಇತ್ತು, ಮೂಲೆ ಖಾಲಿ.

"ಕೊಳೆಯೆಲ್ಲ ತಾನಾಗೇ ಹೋಗುತ್ತೆ ಸರ್" ಎಂದರು ಹೆಮ್ಮೆಯಿಂದ.

"ಮಸ್ತ್ ಐತ್ರಿ" ಎಂದರು ಮ್ಯಾನೇಜರು. "ಹಾಲಿನಂಗ ಬಂತು. ಮತ್ತ ಆ ಹಳೇ ಕಾಗದ?"

"ಚೂರು ಮಾಡಿ ಕಳಿಸೋದು. ಒಂದು ಕೋಣೆ ಉಳಿಯುತ್ತೆ."

ಉಳಿದ ಕೋಣೆಯಲ್ಲಿ ಏನು ಮಾಡಬೇಕೆಂಬುದಕ್ಕೆ ಅರ್ಧ ಗಂಟೆ ಹೋಯಿತು. ಭವಿಷ್ಯದ ಅಗತ್ಯಗಳ ಬಗ್ಗೆ ಅಷ್ಟು ಹುರುಪಿನ ಚರ್ಚೆ ಅದೊಂದೇ. ಎ.ಸಿ. ಹಾಕಿಸಿದ ಊಟದ ಕೋಣೆಗೆ ಒಮ್ಮತ ಬಂತು.

ನಾನು ಬಾಯಿ ತೆರೆದೆ. "ಸರ್, ಆ ಕೆಂಪು ಹಂಗ ಇರ್ಲಿ ಬಿಡ್ರಿ."

"ಫೈಲ್ ದೊಡ್ಡದಾಗುತ್ತೆ ಮೇಡಂ. ಕಾರಣ ಬೇಕು."

ಕಾರಣಕ್ಕೆ ಅವರ ಫಾರಂನಲ್ಲಿ ಮೂರೇ ಆಯ್ಕೆ: ವ್ಯವಹಾರ, ಕಾನೂನು, ಇತಿಹಾಸ. ಗಂಡ ಎಂಬ ಆಯ್ಕೆ ಇರಲಿಲ್ಲ. ಇತಿಹಾಸಕ್ಕೆ ಗುರುತು ಹಾಕೋಣವೆಂದರೆ, ಪಕ್ಕದ ಹಂಪಿಯಲ್ಲಿ ಯಾರೋ ಕಲ್ಲಿಗೆ ಉಳಿ ತಾಗಿಸಿದ ಗೀರಿಗೂ ಕಾವಲುಗಾರರಿದ್ದಾರೆ. ತೂಕ ಬರೆಯುವವರ ಹೆಬ್ಬೆಟ್ಟಿಗೆ ಯಾರಿದ್ದಾರೆ? ಕಾನೂನೇ ಉಳಿದದ್ದು.

"ಇದ್ದದ್ದನ್ನ ಅಳಿಸಿ, ಮೂಲಾನೂ ಚೂರು ಮಾಡಿದ್ರ, ನಾಳೆ ಯಾರರೆ ರಿಜಿಸ್ಟರ್ ತಿದ್ದೀರಿ ಅಂದ್ರ ಏನ್ ತೋರಸ್ತೀರಿ ಸರ್?"

ಗಣಿ ಕಂಪನಿಯಲ್ಲಿ ತಿದ್ದುವುದು ಎಂಬ ಮಾತು ಆಡಬಾರದು. ಮ್ಯಾನೇಜರು ಕಪ್ಪನ್ನು ಕೆಳಗಿಟ್ಟರು. ಎಲ್ಲರೂ ಆ ಬೆಳ್ಳನೆಯ ಪುಟವನ್ನು ಹಾವು ನೋಡಿದಂತೆ ನೋಡಿದರು.

"ಬ್ಯಾಡ, ಬ್ಯಾಡ. ಕೊಳಿ ಹಂಗ ಇರ್ಲಿ. ಒಂದು ಚುಕ್ಕಿನೂ ಹೋಗಬಾರ್ದು ನೋಡ್ರಿ."

ಹೊರಗೆ ಬಂದಾಗ, ಚಹಾ ತಂದಿದ್ದ ಮುದುಕ ಅಟೆಂಡರ್ ಕಪ್ಪು ಜೋಡಿಸುತ್ತಿದ್ದರು. "ಏನವ್ವಾ, ಭಾಳ ಕಾನೂನು ಓದಿ ಬಂದಿ?"

"ಹತ್ತನೇತ್ತ ಪಾಸ್ ರೀ ಕಾಕಾ."

"ಅದಕ್ಕ ಅಂಜಿದ್ರು. ಡಿಗ್ರಿ ಓದಿದ್ರ ನೀನೂ ಚಲೋ ಐತಿ ಅಂತಿದ್ದಿ."

ಸ್ಕ್ಯಾನ್ ಮಾಡುವ ಕೆಲಸ ನನಗೇ ಬಂತು. ಸ್ಕ್ಯಾನಿನಲ್ಲಿ ಕೆಂಪು ಉಳಿಯಿತು, ಕಾಗದವನ್ನು ಉಳಿಸಲಾಗಲಿಲ್ಲ; ವಾರಕ್ಕೊಮ್ಮೆ ಚೀಲ ತುಂಬಿ ಹೋಗುತ್ತದೆ, ಕಳಿಸಿದ್ದಕ್ಕೆ ಸಹಿಯೂ ನನ್ನದೇ. ಹಾಗಾಗಿ ಒಂದೊಂದು ಪುಟವನ್ನೂ ನಿಧಾನವಾಗಿ ನೋಡಿಯೇ ಇಡುತ್ತೇನೆ.

ನಮ್ಮವರ ಎರಡನೇ ರಿಜಿಸ್ಟರಿನಲ್ಲಿ ಒಂದು ವಿಷಯ ಗೊತ್ತಾಯಿತು. ಅವರು ಪ್ರತಿ ಲಾರಿಯ ಮುಂದೆ ಗಂಟೆ ಬರೆಯುತ್ತಿದ್ದರು. ಮಧ್ಯಾಹ್ನ ಒಂದೂವರೆ ದಾಟಿದ ಪುಟಗಳಲ್ಲಿ ಹೆಬ್ಬೆಟ್ಟು ಬರೀ ಕೆಂಪಲ್ಲ, ಅಂಚಿಗೆ ಅರಿಶಿನ. ಅದು ನಾನು ಕಟ್ಟಿಕೊಟ್ಟ ಪಲ್ಯದ್ದು. ಊಟವಾದ ಮೇಲೆ ಸೋಪು ಹಚ್ಚಿ ಕೈ ತೊಳೆಯುತ್ತೇನೆಂದು ದಿನಾ ಹೇಳುತ್ತಿದ್ದರು, ನಾನು ನಂಬಿದ್ದೆ. ಮಧ್ಯಾಹ್ನದ ಒಂದು ಪುಟವೂ ಬಿಟ್ಟಿಲ್ಲ. ಯಂತ್ರ ಮುಂದಿನ ಪುಟ ಕೇಳುತ್ತಿತ್ತು. ಸ್ವಲ್ಪ ಕಾಯಿಸಿದೆ.