ತೂಕವಿಲ್ಲದ ಫೈಲು

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಊರು ಹನೂರಿನಿಂದಾಚೆ, ಕಾಡಂಚಿನಲ್ಲಿ. ಅಪ್ಪ ಅವ್ವ ಕೂಲಿ ಮಾಡಿ ಓದಿಸಿದರು. ಬಸ್ಸು ತಪ್ಪಿದ ದಿನ ಹಾಲಿನ ವ್ಯಾನಿನಲ್ಲಿ ಕ್ಯಾನುಗಳ ನಡುವೆ ನಿಂತು ಕಾಲೇಜಿಗೆ ಹೋದವನು ನಾನು. ಹಾಗಾಗಿ ಕೊಳ್ಳೇಗಾಲದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಾಗ ಬೋರ್ಡಿನ ಮೇಲೆ ಡಿಗ್ರಿಯನ್ನು ದೊಡ್ಡದಾಗಿ ಬರೆಸಿದೆ. ಬರೆಯುವವನು, "ಅಂಗ್ಡಿ ಎಸ್ರಿಗೆ ಜಾಗ ಸಾಲಲ್ಲ ಸಾ" ಅಂದ. ಹಾಗಾದರೆ ಅದನ್ನು ಚಿಕ್ಕದು ಮಾಡು ಅಂದೆ.

ರೇಷ್ಮೆ ಸೀರೆ ನೇಯಿಸುವ ಯಜಮಾನರೊಬ್ಬರು ನನ್ನ ಖಾಯಂ ಗಿರಾಕಿ. ಅವರ ಮಗ್ಗಗಳಿಗೆ ಡಿಸೈನ್ ಕೊಡುವುದು ಕಂಪ್ಯೂಟರ್. ಪೆನ್‌ಡ್ರೈವಿಗೆ ಹಾಕಿ ಮಗ್ಗಕ್ಕೆ ಚುಚ್ಚಿದರೆ ಹೂವು, ಬಳ್ಳಿ ತಾನಾಗಿ ಮೂಡುತ್ತವೆ. ಆದರೆ ಆ ಡಿಸೈನಿನ ಸಾಫ್ಟ್‌ವೇರ್ ಬಹಳ ಹಳೆಯದು, ಹೊಸ ಕಂಪ್ಯೂಟರಿನಲ್ಲಿ ಏಳುವುದೇ ಇಲ್ಲ. ಹಳೆಯ ಕಂಪ್ಯೂಟರ್ ಸಾಯುವ ಹಂತಕ್ಕೆ ಬಂದಾಗ ನಾನು ಅದನ್ನು ಇಡಿಯಾಗಿ ಹೊಸದರ ಹೊಟ್ಟೆಯೊಳಗೆ ಕೂರಿಸಿಕೊಟ್ಟೆ. ಇದಕ್ಕೆ ವರ್ಚುವಲ್ ಮಷೀನ್ ಅನ್ನುತ್ತಾರೆ, ಹೊರಗೊಂದು ಒಳಗೊಂದು, ಎರಡೂ ಬದುಕಿರುತ್ತವೆ ಎಂದು ವಿವರಿಸಿದೆ.

"ಅಂದ್ರೆ ಬಸುರಿ ಕಂಪ್ಯೂಟರ್ ಅನ್ಲಾ" ಎಂದರು ಯಜಮಾನರು. ಅಂದಿನಿಂದ ಅದಕ್ಕೆ ಅದೇ ಹೆಸರು.

ಆಯುಧಪೂಜೆ ಕಳೆದ ಮರುದಿನ ಬೆಳಿಗ್ಗೆ ಅವರ ಫೋನು ಬಂತು. "ಲೇ ಡಿಗ್ರಿ, ಬಿರ್ನೆ ಬಾರ್ಲಾ. ಬಸುರಿ ಕಣ್ಣೇ ಬುಡ್ತಾ ಇಲ್ಲ."

ಬಾಗಿಲಲ್ಲಿ ಒಡೆದ ಬೂದುಗುಂಬಳದ ಮೇಲೆ ಜಾರಿ, ಸಾವರಿಸಿಕೊಂಡು ಒಳಗೆ ಹೋದೆ. ಮಾನಿಟರಿಗೆ ಚೆಂಡುಹೂವಿನ ಹಾರ, ಕೀಬೋರ್ಡಿಗೆ ಮೂರು ಪಟ್ಟೆ ವಿಭೂತಿ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಒಬ್ಬ ಹೆಂಗಸು ಕೂತಿದ್ದರು. ಯಾರೆಂದು ನಾನು ಕೇಳುವ ಮೊದಲೇ ಅವರೇ ಶುರುಮಾಡಿದರು.

"ಯಳಂದೂರಿಂದ ಬಂದಿವ್ನಿ ಕನ ಮಗ. ಕಾರ್ತಿಕದಲ್ಲಿ ನನ್ ಮಗಳ ಮದ್ವೆ. ಧಾರೆ ಸೀರೆ ಸೆರಗಲ್ಲಿ ಜೋಡಿ ನವಿಲು ಬತ್ತವೆ ಅಂತ ಬೀಗ್ರ ಕಡೆಗೆಲ್ಲ ಏಳ್ಬುಟ್ಟಿವ್ನಿ. ಇವ್ರು ನೋಡುದ್ರೆ ನವಿಲೇ ಕಾಣ್ತಿಲ್ಲ ಅಂತವ್ರೆ."

ಸೀರೆಯ ಮೈ ನೇಯ್ದಾಗಿತ್ತು, ಸೆರಗು ಬಾಕಿ. ಸೆರಗಿನ ಡಿಸೈನ್ ಇದ್ದದ್ದು ಆ ಬಸುರಿಯ ಹೊಟ್ಟೆಯಲ್ಲಿ ಮಾತ್ರ. ಡಿಸೈನ್ ಬಿಡಿಸಿದವನು ಸೇಲಂ ಕಡೆ ಹೋಗಿಬಿಟ್ಟಿದ್ದ, ಫೋನು ಎತ್ತುತ್ತಿರಲಿಲ್ಲ.

ಮಷೀನ್ ಶುರುಮಾಡಿದೆ. ಡಿಸ್ಕಿನ ಫೈಲು ಸಿಗುತ್ತಿಲ್ಲ ಎಂದಿತು. ಫೋಲ್ಡರ್ ತೆರೆದು ನೋಡಿದೆ. ಒಳಗಿನ ಕಂಪ್ಯೂಟರಿನ ಡಿಸ್ಕ್ ಅಂದರೆ ಹೊರಗಿನದರಲ್ಲಿ ಎರಡು ಫೈಲು ಇರಬೇಕು. ದೊಡ್ಡದು ಆನೆಯ ಹಾಗೆ ಕೂತಿತ್ತು. ಚಿಕ್ಕದು ಇರಲಿಲ್ಲ.

"ಯಜಮಾನ್ರೇ, ಇಲ್ಲಿ ಏನಾರ ಅಳಿಸಿದ್ರಾ?"

"ಅಳುಸ್ಲಿಲ್ಲ. ಕ್ಲೀನ್ ಮಾಡ್ದೆ."

ಹಬ್ಬಕ್ಕೆ ಮಗ್ಗಗಳನ್ನೆಲ್ಲ ಒರೆಸಿ, ಎಣ್ಣೆ ಬಿಟ್ಟು, ಕಂಪ್ಯೂಟರಿನ ಮೈ ಒರೆಸಿದ ಮೇಲೆ ಒಳಗನ್ನೂ ಒರೆಸೋಣ ಎಂದು ಅವರಿಗೆ ಅನ್ನಿಸಿದೆ. ಹುಟ್ಟಿದಾಗಿನಿಂದ ನೂಲನ್ನು ತಕ್ಕಡಿಯಲ್ಲಿಟ್ಟು ನೋಡಿದವರು ಅವರು. ತಕ್ಕಡಿ ಅಲುಗದಿದ್ದರೆ ಅದು ಕಸ.

"ತೂಕನೇ ಇಲ್ಲ ಕಣ್ಲಾ ಅದ್ಕೆ. ಒಂದೇ ಒಂದು ಕೆಬಿ. ಮಡಿಕ್ಕಂಡು ಏನ್ ಮಾಡಾನ?"

"ಓಗ್ಲಿ, ಕಸದ ಬುಟ್ಟೀಲಿ ಇರ್ಬೇಕಲ್ಲ?"

"ಅಬ್ಬದ ದಿನ ಬುಟ್ಟೀಲಿ ಕಸ ಮಡಗ್ತಾರೇನ್ಲಾ? ಅದ್ನೂ ಖಾಲಿ ಮಾಡ್ದೆ."

ಅಷ್ಟಕ್ಕೇ ಬಿಟ್ಟಿರಲಿಲ್ಲ. ಜಾಗ ಆಯಿತಲ್ಲ ಎಂದು ಅಲ್ಲೇ ಬೆಟ್ಟದ ಮಾದಪ್ಪನ ಹಾಡುಗಳನ್ನು ತಂದು ತುಂಬಿಸಿದ್ದರು. ಅಳಿಸಿದ್ದನ್ನು ಹುಡುಕಿ ತೆಗೆಯುವ ಸಾಫ್ಟ್‌ವೇರ್ ಹಾಕಿ ನೋಡಿದೆ. ಅದಕ್ಕೆ ಸಿಕ್ಕಿದ್ದು ಭಕ್ತಿ ಮಾತ್ರ.

"ದೊಡ್ಡ ಫೈಲಲ್ಲಿ ನೂಲೆಲ್ಲ ಅದೆ. ಎಷ್ಟು ಎಳೆ, ಎಲ್ಲಿಂದ ಶುರು ಅಂತ ಚಿಕ್ಕದ್ರಲ್ಲಿ ಬರ್ದಿತ್ತು. ಅದಿಲ್ದೆ ಇದು ಬರೀ ನೂಲಿನ ಗುಡ್ಡೆ" ಎಂದೆ.

ಯಜಮಾನರ ಮುಖ ಸಣ್ಣಗಾಯಿತು. ಯಳಂದೂರಿನ ತಾಯಿ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. "ನವಿಲಿಲ್ದೆ ನಾನಂತೂ ಮನೆಗೋಗಕಿಲ್ಲ."

ಮೊದಲು ದೊಡ್ಡ ಫೈಲಿನ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಬೇಕು, ಕೈತಪ್ಪಿ ಅದೂ ಹೋದರೆ ಕಥೆ ಮುಗಿಯಿತು. ಪ್ರತಿ ಆಮೆಯ ಹಾಗೆ ನಡೆಯಿತು. ಟೀ ಬಂತು, ಹಬ್ಬದ ಪುರಿ ಬಂತು.

"ಎರಿಗೆ ಆಯ್ತಾ ಮಗ?" ಎಂದು ಯಳಂದೂರಿನ ತಾಯಿ ಕೇಳಿದರು.

"ಇನ್ನೂ ನೋವೇ ಶುರುವಾಗಿಲ್ಲ, ಸುಮ್ನೆ ಕೂತ್ಕಳವ್ವ" ಎಂದು ಯಜಮಾನರೇ ಉತ್ತರ ಕೊಟ್ಟರು.

ಪ್ರತಿ ಮುಗಿದ ಮೇಲೆ ಬೇರೆ ಕಡೆ ಸುಮ್ಮನೆ ಒಂದು ಖಾಲಿ ಡಿಸ್ಕ್ ಹುಟ್ಟಿಸಿದೆ. ಅದರ ಜೊತೆ ಅದರದೇ ಚಿಕ್ಕ ಫೈಲು ಹುಟ್ಟುತ್ತದೆ. ಆ ಚಿಕ್ಕದನ್ನು ಎತ್ತಿಕೊಂಡು ಬಂದು, ಕಳೆದುಹೋದದ್ದರ ಹೆಸರಿಟ್ಟು, ಒಳಗೆ ಎರಡು ತಿದ್ದುಪಡಿ ಮಾಡಬೇಕಿತ್ತು. ನಮ್ಮ ದೊಡ್ಡ ಫೈಲಿನ ಹೆಸರು ಒಂದು. ಅದರಲ್ಲಿ ಐನೂರ ಹನ್ನೆರಡು ಬೈಟಿನ ತುಂಡುಗಳು ಎಷ್ಟು ಅನ್ನುವ ಲೆಕ್ಕ ಇನ್ನೊಂದು.

ಕಂಪ್ಯೂಟರಿನಲ್ಲಿ ಕ್ಯಾಲ್ಕುಲೇಟರ್ ಇತ್ತು. ಆದರೆ ಇಬ್ಬರೂ ನೋಡುತ್ತಿದ್ದರಲ್ಲ, ಓದಿದವನ ಕೈ ಹೇಗೆ ಓಡುತ್ತದೆ ಗೊತ್ತಾಗಲಿ ಎಂದು ಪುರಿ ಕಟ್ಟಿದ್ದ ಕಾಗದದ ಮೇಲೆ ಭಾಗಾಕಾರ ಹಾಕಿದೆ. ಶೇಷ ಉಳಿಯಿತು. ಡಿಸ್ಕಿನ ಲೆಕ್ಕದಲ್ಲಿ ಶೇಷ ಉಳಿಯುವಂತೆಯೇ ಇಲ್ಲ. ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಕ್ಯಾಲ್ಕುಲೇಟರ್ ತೆರೆದೆ. ಶೇಷ ಇರಲಿಲ್ಲ.

ಸೇವ್ ಮಾಡಿ, ಮಷೀನ್ ಶುರುಮಾಡಿದೆ. ಕಪ್ಪು ಪರದೆ ಬಂತು, ಬಹಳ ಹೊತ್ತು ಕಪ್ಪಗೇ ಇತ್ತು. ಯಜಮಾನರು ಮನಸ್ಸಿನಲ್ಲೇ ಮಾದಪ್ಪನಿಗೆ ಏನೋ ಹರಕೆ ಹೊತ್ತುಕೊಂಡರೆಂದು ಕಾಣುತ್ತದೆ, ಕೈ ಮುಗಿದಿದ್ದರು. ಕಡೆಗೆ ಹಳೆಯ ಕಂಪ್ಯೂಟರಿನ ಆ ಹಳೆಯ ಟಿಣ್ ಎಂಬ ಸದ್ದು.

"ಅಳ್ತಲ್ಲ, ಎಣ್ಣಾ ಗಂಡಾ?" ಎಂದರು ಯಳಂದೂರಿನ ತಾಯಿ.

"ಜೋಡಿ ನವಿಲು ಕನವ್ವ" ಎಂದು ಡಿಸೈನ್ ತೆರೆದು ತೋರಿಸಿದೆ.

ಅವರು ಕನ್ನಡಕ ಏರಿಸಿಕೊಂಡು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. "ಕಾಲು ಕೋಳಿಕಾಲು ಇದ್ದಂಗವೆ" ಎಂದರು. ಯಜಮಾನರು ಬಾಯಿ ತೆರೆಯುವ ಮೊದಲೇ ಅವರೇ ಮುಂದುವರಿಸಿದರು, "ಇರ್ಲಿ ಬುಡಿ. ಸೆರಗು ಇಳೆಬಿಟ್ಮೇಲೆ ಕಾಲ್ಯಾರ್ ನೋಡಾರು. ಗರಿ ಚೆಂದಾಗವೆ."

ಪೆನ್‌ಡ್ರೈವ್ ಮಗ್ಗಕ್ಕೆ ಹೋಯಿತು, ಮಗ್ಗ ಸದ್ದು ಮಾಡತೊಡಗಿತು. ಯಜಮಾನರು ಕುಂಕುಮದ ಬಟ್ಟಲು ತಂದು, ಆ ಚಿಕ್ಕ ಫೈಲು ಯಾವುದು ಎಂದು ಕೇಳಿ, ಪರದೆಯ ಮೇಲೆ ಅದರ ಹೆಸರಿನ ಪಕ್ಕಕ್ಕೇ ಒಂದು ಬೊಟ್ಟಿಟ್ಟರು. ನಾನು ಮೌಸಿನ ಚಕ್ರ ತಿರುಗಿಸಿದೆ. ಪಟ್ಟಿ ಮೇಲೆ ಸರಿದು ಬೊಟ್ಟು ಮಾದಪ್ಪನ ಒಂದು ಹಾಡಿನ ಫೈಲಿನ ಮುಂದೆ ನಿಂತಿತು.

"ಈಗ ಯಾವ್ದನ್ನ ಅಳಿಸ್ಬಾರ್ದು ಅಂತ ಎಂಗ್ಲಾ ಗೊತ್ತಾಗದು?"

"ಯಾವ್ದನ್ನೂ ಅಳಿಸ್ಬ್ಯಾಡಿ ಯಜಮಾನ್ರೇ."

ಯಳಂದೂರಿನ ತಾಯಿ ಆಗಲೇ ಮಗ್ಗದ ಹತ್ತಿರ ನಿಂತಿದ್ದರು. ಜರಿಯಲ್ಲಿ ಮೊದಲ ನವಿಲಿನ ಕಾಲುಗಳು ಮೂಡುತ್ತಿದ್ದವು. ನಾನು ಹೊರಡುವಾಗ ಹತ್ತಿರ ಕರೆದು, ಏನು ಓದಿದ್ದೀಯೆಂದು ಕೇಳಿದರು. ಡಿಗ್ರಿಯನ್ನು ಪೂರ್ತಿಯಾಗಿ ಬಿಡಿಸಿ ಹೇಳಿದೆ.

"ಅಷ್ಟೊಂದಾ?" ಎಂದರು. "ಅಷ್ಟು ಚಿಕ್ಕ ಫೈಲಿಗೆ?"