ಡಿಕ್ಕಿಯೊಳಗಿನ ಸ್ಪ್ಯಾನರ್

ಗಡಿಯಾರ ರಿಪೇರಿ ಮಾಡುವ ಆ ಯಜಮಾನರಿಗೆ, ಸಾಸಿವೆಕಾಳಿನಂಥ ಸ್ಕ್ರೂ ಬಿಚ್ಚುವ ಕೈ ತಮ್ಮದೆಂಬ ಜಂಬ. ತಮ್ಮ ಹಳೆಯ ಕಾರನ್ನು ಎಂದೂ ಮೆಕ್ಯಾನಿಕ್ಕಿಗೆ ಕೊಟ್ಟವರೇ ಅಲ್ಲ. ಈಗ ತುಕ್ಕು ಹಿಡಿದ ಬಂಪರಿನ ಬೋಲ್ಟನ್ನು ಹಟಕ್ಕೆ ಬಿದ್ದು ತಿರುಗಿಸಿ, ಅದರ ಆರು ಮೂಲೆಯನ್ನೂ ಸವೆಸಿ ಗುಂಡಗೆ ಮಾಡಿಟ್ಟಿದ್ದರು.

ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಡಿಕ್ಕಿಯೊಳಗೆ ಬಗ್ಗಿ ಸ್ಪ್ಯಾನರಿನಿಂದ ನಟ್ಟು ಹಿಡಿದಿರಬೇಕು, ಇನ್ನೊಬ್ಬರು ಕಾರಿನಡಿ ಮಲಗಿ ಬೋಲ್ಟು ತಿರುಗಿಸಬೇಕು. ಮೂವತ್ತು ವರ್ಷ ಆ ಸ್ಪ್ಯಾನರ್ ಹಿಡಿದವಳು ಅವರ ಹೆಂಡತಿ.

"ಗಟ್ಟಿಯಾಗಿ ಹಿಡ್ಕೊಳೇ, ಕೈಯಲ್ಲಿ ಜೀವ ಇಲ್ವಾ?" ಎಂದು ಇವರು ಕೆಳಗಿನಿಂದ ರೇಗುತ್ತಿದ್ದರು.

"ನಿಮ್ಮ ಬಾಯಿಗಿರೋ ಜೋರು ಕೈಗಿದ್ದಿದ್ರೆ ಇಷ್ಟೊತ್ತಿಗೆ ಬಿಚ್ಚಿರೋದು" ಎಂದು ಅವಳು ಮೇಲಿನಿಂದ ತಿರುಗೇಟು ಕೊಡುತ್ತಿದ್ದಳು.

ಅವಳು ತೀರಿಕೊಂಡು ವರ್ಷವಾಯಿತು.

ಇವತ್ತು ಡಿಕ್ಕಿಯೊಳಗೆ ನಟ್ಟಿಗೆ ಸಿಕ್ಕಿಸಿದ ಸ್ಪ್ಯಾನರ್ ಅಲುಗಾಡದಂತೆ ಮರದ ತುಂಡೊಂದನ್ನು ಒತ್ತುಕೊಟ್ಟು ಅವರು ಕಾರಿನಡಿ ತೂರಿದರು. ಟೊಪ್ಪಿಯಂತೆ ಕೂರುವ ಸಾಕೆಟ್ಟುಗಳಲ್ಲಿ ಒಂದಳತೆ ಚಿಕ್ಕದನ್ನು ಸವೆದ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಬಡಿದು ಕೂರಿಸಿ, ಹಲ್ಲು ಕಚ್ಚಿ ತಿರುಗಿಸಿದರು. ಬೋಲ್ಟು ಕಿರ್ರೆಂದು ಸಡಿಲವಾಯಿತು.

"ಬಂತು ಕಣೇ! ಇನ್ನು ಬಿಡು, ಕೈ ನೋಯ್ತಿರುತ್ತೆ."

ಮೂವತ್ತು ವರ್ಷದಲ್ಲಿ ಒಮ್ಮೆಯೂ ಆಡದ ಮಾತು. ಮೇಲೆ ಮರದ ತುಂಡು ಮಾತ್ರ ಸ್ಪ್ಯಾನರನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇತ್ತು.