ಸೇದದ ಅಕ್ಕನ ಕೆಮ್ಮು

ನಮ್ಮಕ್ಕ ರೈಲ್ವೆ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ಸಪ್ಲೈ ಕೆಲಸ ಮಾಡಿದಳು. ಒಳಗಿನ ಹಾಲಿಗೆ ಕಿಟಕಿ ಇರಲಿಲ್ಲ. ರೈಲಿಗೆ ಕಾಯುವವರು ಕಾಫಿ ತರಿಸಿಕೊಂಡು ಸಿಗರೇಟು ಹಚ್ಚಿದರೆಂದರೆ ಗೋಡೆಯ ಗಡಿಯಾರವೂ ಮಸುಕಾಗುತ್ತಿತ್ತು. ಅಕ್ಕ ಮಾತ್ರ ಒಂದೇ ತೋಳಿನ ಮೇಲೆ ನಾಲ್ಕು ತಟ್ಟೆ ಜೋಡಿಸಿಕೊಂಡು, ಯಾರಿಗೂ ತಾಗಿಸದೆ ನುಸುಳುತ್ತಿದ್ದಳು. ಮನೆಗೆ ಬಂದರೆ ಭಾವ, "ಹೊಗೆ ನಾರೋ ಆ ಕೂದಲನ್ನ ಬಾಗಿಲಾಚೆ ಬಿಟ್ಟು ಒಳಗೆ ಬಾ ಮಹರಾಯ್ತಿ" ಎಂದು ರೇಗಿಸುತ್ತಿದ್ದರು.

ನಲವತ್ತೇಳನೇ ವಯಸ್ಸಿಗೆ ಕೆಮ್ಮು ಹಿಡಿಯಿತು. ಮೂರು ತಿಂಗಳಾದರೂ ಬಿಡಲಿಲ್ಲ. ಎಕ್ಸ್‌ರೇ ನೋಡಿದ ಡಾಕ್ಟರು, "ದಿನಕ್ಕೆ ಎಷ್ಟು ಸೇದ್ತೀರಮ್ಮಾ?" ಎಂದರು.

ಅಕ್ಕ ನಕ್ಕುಬಿಟ್ಟಳು. "ಒಂದೂ ಇಲ್ಲ ಡಾಕ್ಟ್ರೆ. ಸೇದೋರಿಗೆ ಕಾಫಿ ಕೊಡ್ತೀನಿ, ಅಷ್ಟೆ."

ಡಾಕ್ಟರು ನಗಲಿಲ್ಲ. ಶ್ವಾಸಕೋಶದ ಕ್ಯಾನ್ಸರ್.

ಒಳಗೆ ಸಿಗರೇಟು ನಿಲ್ಲಿಸಿ ಎಂದು ಅಕ್ಕ ಮಾಲೀಕರನ್ನು ಕೇಳಿಕೊಂಡಳು. ಅವರೇನೂ ಕೆಟ್ಟವರಲ್ಲ. "ನಾನೊಬ್ಬನೇ ನಿಲ್ಲಿಸಿದ್ರೆ ಗಿರಾಕಿಗಳೆಲ್ಲ ಪಕ್ಕದ ಹೋಟೆಲಿಗೆ ಹೋಗ್ತಾರಮ್ಮ. ಎಲ್ಲರಿಗೂ ಒಂದೇ ಕಾನೂನು ಬರ್ಲಿ, ಮೊದಲು ನಾನೇ ಬೋರ್ಡ್ ಹಾಕ್ತೀನಿ" ಎಂದರು.

ಅದೇ ವರ್ಷ ಅಂಥ ಕಾನೂನಿನ ಮಾತು ಎದ್ದಿತ್ತು. ಇನ್ನೊಂದು ದೇಶದಲ್ಲಿ ಆಗಲೇ ನಿಷೇಧ ಬಂದಿತ್ತು; ಅಲ್ಲಿ ಹೋಟೆಲುಗಳೇನೂ ಮುಚ್ಚಿಹೋಗಲಿಲ್ಲ ಎಂದು ತಿಳಿದ ಮೇಲೆ ಇಲ್ಲಿಯವರಿಗೂ ಧೈರ್ಯ ಬಂದಿತ್ತು. ಆ ಕಾನೂನಿನ ವಿಚಾರಣೆಗೆ ಕೂತ ಸರ್ಕಾರದ ಸಮಿತಿಯ ಮುಂದೆ ಅಕ್ಕನನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ದೆ.

"ಅಷ್ಟು ಕಷ್ಟ ಆಗಿದ್ರೆ ಕೆಲಸ ಬಿಡಬಹುದಿತ್ತಲ್ವಾ?" ಎಂದು ಒಬ್ಬ ಸದಸ್ಯರು ಕೇಳಿದರು.

"ಬಿಟ್ರೆ ನನ್ನ ಜಾಗಕ್ಕೆ ಇನ್ನೊಬ್ಬಳು ಬರ್ತಾಳೆ ಸ್ವಾಮಿ. ಅವಳಿಗೂ ಶ್ವಾಸಕೋಶ ಇರುತ್ತಲ್ಲ?"

ಅಷ್ಟಕ್ಕೇ ಅವಳಿಗೆ ಉಸಿರು ಸಾಲದಾಯಿತು. ಅವಳು ಬರೆಸಿ ತಂದಿದ್ದ ಹೇಳಿಕೆಯನ್ನು ನಾನೇ ಓದಿದೆ.

ಕಾನೂನು ಬಂತು. ಅದು ಜಾರಿಯಾಗುವಷ್ಟರಲ್ಲಿ ಅಕ್ಕ ತೀರಿಕೊಂಡು ಐದು ವಾರವಾಗಿತ್ತು. ಮಾಲೀಕರು ಮಾತಿಗೆ ತಪ್ಪದೆ ಬೋರ್ಡ್ ಹಾಕಿದರು. ಗಿರಾಕಿಗಳು ಒಂದೆರಡು ದಿನ ಗೊಣಗಿದರು. ಆಮೇಲೆ ಹೊರಗೆ ಹೋಗಿ ಸೇದಿ, ಒಳಗೆ ಬಂದು ಊಟ ಮಾಡಿದರು. ಇಷ್ಟೇ ತಾನೆ ಬೇಕಾಗಿದ್ದದ್ದು.

ಮರುವರ್ಷ ದೂರದ ಮತ್ತೊಂದು ದೇಶದ ಹೋಟೆಲ್ ಕಾರ್ಮಿಕರ ಸಂಘದವರು ಕಾಗದ ಬರೆದರು. ಅಲ್ಲೂ ಇದೇ ಜಗಳ ನಡೆಯುತ್ತಿತ್ತು. ಅಕ್ಕನ ಹೇಳಿಕೆಯನ್ನು ತಮ್ಮ ಭಾಷೆಗೆ ಮಾಡಿಕೊಂಡು ಅಲ್ಲಿನ ಸಭೆಯಲ್ಲಿ ಓದಬಹುದೇ ಎಂದು ಕೇಳಿದ್ದರು.

ಭಾವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. "ಅವಳಿದ್ದಿದ್ರೆ, ಆ ದೇಶ ಎಲ್ಲಿದೆ ತೋರ್ಸಿ ಅಂತ ನಕ್ಷೆ ತೆಗೆಸ್ತಿದ್ಲು" ಎಂದರು. ಅಂಚೆಗೆ ಹಾಕಲು ನನ್ನನ್ನೇ ಕಳಿಸಿದರು. ಅವರಿಂದ ಆಗಲಿಲ್ಲ.